ಹೀಟರಿನ ನೀರಿಗೆ ಮರಳುವ ದಾರಿ

ಕೇಳುಗರಿಗೆ ನಮಸ್ಕಾರ. ಬದಿಯಡ್ಕ, ಮುಳ್ಳೇರಿಯ, ಪಾಣತ್ತೂರು ಕಡೆ ಹಳೆಯ ಪೆಟ್ರೋಲ್ ಜೀಪು, ಜಿಪ್ಸಿಗಳನ್ನು ಇನ್ನೂ ಜೋಪಾನ ಮಾಡಿಕೊಂಡು ಬಂದವರಿದ್ದೀರಿ. ಈ ಮಾತು ನಿಮಗೆ, ನಿಮ್ಮ ಗ್ಯಾರೇಜಿನವರಿಗೆ.

ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಷನ್ ತೆಗೆದು, ಪೆಟ್ರೋಲನ್ನು ಗಾಳಿಗೆ ಬೆರೆಸುವ ಕಾರ್ಬುರೇಟರ್ ಕೂರಿಸಿದಾಗ, ಆ ಮಿಶ್ರಣವನ್ನು ಎಂಜಿನ್ನಿಗೆ ಒಯ್ಯುವ ಕೊಳವೆ, ಅಂದರೆ ಮ್ಯಾನಿಫೋಲ್ಡೂ ಬದಲಾಗುತ್ತದೆ. ಗಾಡಿಯೊಳಗೆ ಬಿಸಿ ಗಾಳಿ ಕೊಡುವ ಹೀಟರಿನ ಎರಡು ನೀರಿನ ಹೋಸುಗಳು ಎಲ್ಲೂ ಸೇರದೆ ನೇತಾಡುತ್ತವೆ. "ಈ ಸೆಕೆಗೆ ಹೀಟರ್ ಯಾಕೆ, ಮುಚ್ಚಿಬಿಡಿ" ಅನ್ನುತ್ತಾರೆ. ದಯವಿಟ್ಟು ಮುಚ್ಚಬೇಡಿ. ಎಂಜಿನ್ನಿನಿಂದ ಹೊರಟ ನೀರು ಅದರ ನೀರಿನ ಪಂಪಿಗೆ ತಿರುಗಿ ಬರಬೇಕು. ನಾನು ಹೇಳಲು ಬಂದದ್ದು ಇಷ್ಟೇ.

ಎಂಜಿನ್ ತಣ್ಣಗಿರುವಾಗ ಥರ್ಮೋಸ್ಟಾಟ್, ಅಂದರೆ ಬಿಸಿಗೆ ತಾನಾಗಿ ತೆರೆಯುವ ಕವಾಟ, ಮುಚ್ಚಿರುತ್ತದೆ. ಸುಮಾರು 82 ಡಿಗ್ರಿಗೆ ಬಾಯಿ ಬಿಡುತ್ತದೆ. ಅಲ್ಲಿಯವರೆಗೆ ರೇಡಿಯೇಟರಿಗೆ ನೀರು ಹರಿಯುವುದಿಲ್ಲ. ನೀರು ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿನಿಂದ ಮ್ಯಾನಿಫೋಲ್ಡಿನೊಳಗೆ ಹಾದು, ಹೀಟರಿಗೆ ಹೋಗಿ, ಪಂಪು ಎಳೆಯುವ ಬದಿಗೆ ಬರುತ್ತದೆ. ಥರ್ಮೋಸ್ಟಾಟಿನ ಮೇಣಕ್ಕೆ ಬಿಸಿ ತಟ್ಟುವುದು ಈ ಹರಿವಿನಿಂದ. ಕಾರ್ಬುರೇಟರಿನ ತಳ ಬೆಚ್ಚಗಾಗುವುದೂ ಇದರಿಂದಲೇ. ತಳ ತಣ್ಣಗಿದ್ದರೆ ಪೆಟ್ರೋಲ್ ಆವಿಯಾಗದೆ ಹನಿಯಾಗಿ ಗೋಡೆಗೆ ಅಂಟುತ್ತದೆ, ಬೆಳಗ್ಗೆ ಎಂಜಿನ್ ಮುಗ್ಗರಿಸುತ್ತದೆ.

ಒಂದು ಜೀಪಿನ ಸಂಗತಿ ಹೇಳಲೇಬೇಕು. ಕಾರ್ಬುರೇಟರ್ ಹಾಕಿದವರು, ಹೋಸು ಸಿಕ್ಕಿಸುವ ಗಿಡ್ಡ ಕೊಳವೆಗಳಾದ ಎರಡೂ ನಿಪ್ಪಲ್‌ಗಳಿಗೆ ತುಂಡು ಹೋಸು ತೊಡಿಸಿ, ಬೋಲ್ಟು ತುರುಕಿ, ಕ್ಲಿಪ್ಪು ಬಿಗಿದಿದ್ದರು. ಕುಂಬಳೆ, ಉಪ್ಪಳದ ಸಮ ರಸ್ತೆಯಲ್ಲಿ ಏನೂ ತೊಂದರೆಯಿಲ್ಲ. ಪಾಣತ್ತೂರಿನಿಂದ ಕರಿಕೆ ದಾಟಿ ಭಾಗಮಂಡಲದ ಏರು ಹಿಡಿದರೆ ಸಾಕು, ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಸರ್ರನೆ ಮೇಲೇರುತ್ತದೆ, ಥಟ್ಟನೆ ಇಳಿಯುತ್ತದೆ, ಮತ್ತೆ ಏರುತ್ತದೆ. ರೇಡಿಯೇಟರ್ ಬಿಚ್ಚಿ ತೊಳೆಸಿದರು. ಫ್ಯಾನ್ ಬೆಲ್ಟ್ ಹೊಸತು ಹಾಕಿದರು. ಪಂಪು ಬದಲಾಯಿಸಿದರು. ಕೊನೆಗೆ ಥರ್ಮೋಸ್ಟಾಟನ್ನೇ ಕಿತ್ತರು. ಆಗ ಎಂಜಿನ್ ಬಿಸಿಯೇ ಆಗದೆ ಪೆಟ್ರೋಲ್ ಕುಡಿಯತೊಡಗಿತು. ಅಷ್ಟರಲ್ಲಿ ಹೆಡ್ ಬೆಂಡಾಗಿ ಗ್ಯಾಸ್ಕೆಟ್ ಹೋಗಿತ್ತು. ಹೋಸು ಮುಚ್ಚಿದ್ದರಿಂದ ಹಿಂದಿನ ಸಿಲಿಂಡರಿನ ಸುತ್ತ ನೀರು ನಿಂತಲ್ಲೇ ಕುದಿಯುತ್ತಿತ್ತು, ಥರ್ಮೋಸ್ಟಾಟಿಗೆ ಸುದ್ದಿಯೇ ಮುಟ್ಟುತ್ತಿರಲಿಲ್ಲ. ಹೆಡ್ ಸರಿಮಾಡಿಸಿ, ಥರ್ಮೋಸ್ಟಾಟ್ ಮರಳಿ ಕೂರಿಸಿ, ಆ ಎರಡು ನಿಪ್ಪಲ್‌ಗಳ ನಡುವೆ ಒಂದೂವರೆ ಅಡಿ ಹೋಸು ಸೇರಿಸಿದ ಮೇಲೆ ಮುಳ್ಳು ನಡುವಿನಲ್ಲಿ ನಿಂತಿತು. ಒಂದೂವರೆ ಅಡಿ ಹೋಸು!

ಹೀಟರ್ ಬೇಡವಾದರೆ ಹೀಗೆ ಒಂದೇ ಹೋಸಿನಿಂದ ಸೇರಿಸಿ. ಆದರೆ ಮಳೆಗಾಲದಲ್ಲಿ ಘಾಟಿ ಹತ್ತುವವರು ಹೀಟರ್ ಉಳಿಸಿಕೊಳ್ಳಿ, ಗಾಜಿನ ಮಂಜು ಬಿಡಿಸುವುದು ಅದೇ.

ಹೋಸು ಕೊಳ್ಳುವ ಮೊದಲು ನಿಪ್ಪಲ್ ಅಳೆಯಿರಿ. ಹೆಚ್ಚಿನವು 16 ಮಿಲಿಮೀಟರ್, ಅಂದರೆ ಐದು ಸೂತ್ರ. ಹೀಟರ್ ಹೋಸನ್ನೇ ಕೇಳಿ, ತೋಟದ ಪೈಪು ಬೇಡ. ಸೈಲೆನ್ಸರ್ ಮ್ಯಾನಿಫೋಲ್ಡಿನಿಂದ ಎರಡು ಇಂಚು ದೂರ ಇರಲಿ. ಎಕ್ಸಲರೇಟರ್ ಪೂರ್ತಿ ಒತ್ತಿಸಿ ನೋಡಿ, ಅದರಿಂದ ಕಾರ್ಬುರೇಟರಿಗೆ ಹೋಗುವ ಲಿಂಕೇಜು ಹೋಸಿಗೆ ತಾಗಬಾರದು. ಕಾರ್ಬುರೇಟರಿನ ಕೆಳಗೆ ಹೋಸು ಹಾಯಿಸಬೇಡಿ. ಪೆಟ್ರೋಲ್ ತೊಟ್ಟಿಕ್ಕಿದರೆ ಆ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ತೀರಾ ಬಗ್ಗಿಸಿದರೆ ಹೋಸು ಮಡಚಿಕೊಳ್ಳುತ್ತದೆ. ಮಡಚಿದ ಹೋಸೂ ಮುಚ್ಚಿದ ಹೋಸೂ ಒಂದೇ. ನೀರು ತಿರುಗಿ ಬರಬೇಕು ಅಂದೆನಲ್ಲ, ಅದಕ್ಕೇ. ತೀರಾ ತಿರುವಿರುವ ಕಡೆ ಅಚ್ಚಿನಲ್ಲೇ ಬಾಗಿಸಿದ ಹೋಸು ಹಾಕಿ. ಕ್ಲಿಪ್ಪು ನಿಪ್ಪಲಿನ ಉಬ್ಬಿದ ಅಂಚಿನ ಒಳಬದಿಗೆ ಕೂರಬೇಕು, ಅಂಚಿನ ಮೇಲಲ್ಲ.

ಇನ್ನು ಗಾಳಿ. ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ನೀರನ್ನು ಪೈಪಿನಲ್ಲಿ ತೋಟಕ್ಕೆ ಇಳಿಸುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪೈಪು ನಡುವೆ ಒಂದು ಕಡೆ ಮೇಲೆದ್ದರೆ ಅಲ್ಲಿ ಗಾಳಿ ಕಟ್ಟಿ ನೀರು ನಿಲ್ಲುತ್ತದೆ. ಹೋಸೂ ಹಾಗೆಯೇ, ಡೊಂಕಾಗಿ ಮೇಲೇಳದಂತೆ ಒಯ್ಯಿರಿ. ಗಾಡಿಯ ಮೂತಿ ಏರಿಗೆ ಮುಖಮಾಡಿ ನಿಲ್ಲಿಸಿ, ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ. ಅರ್ಧ ಕೂಲಂಟ್, ಅರ್ಧ ಬ್ಯಾಟರಿ ನೀರು (ಡಿಸ್ಟಿಲ್ಡ್ ವಾಟರ್, ಆಸಿಡ್ ಅಲ್ಲ) ಬೆರೆಸಿ ಹುಯ್ಯಿರಿ, ಬೋರ್‌ವೆಲ್ ನೀರು ಬೇಡ. ಎಲ್ಲಕ್ಕಿಂತ ಎತ್ತರದ ಹೋಸನ್ನು ಸ್ವಲ್ಪ ಸಡಿಲಿಸಿ, ಗುಳ್ಳೆ ನಿಂತು ನೀರು ಬಂದ ಮೇಲೆ ಬಿಗಿಯಿರಿ. ಎಂಜಿನ್ ಚಾಲೂ ಮಾಡಿ ಹೋಗುವ ಹೋಸು, ಬರುವ ಹೋಸು ಎರಡನ್ನೂ ಮುಟ್ಟಿ ನೋಡಿ. ಎರಡೂ ಬಿಸಿಯಾಗಬೇಕು. ಒಂದೇ ಬಿಸಿಯಾದರೆ ನೀರು ತಿರುಗಿ ಬರುತ್ತಿಲ್ಲ.

ಸಮಯವಾಗುತ್ತಿದೆ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆಗೆಯಬೇಡಿ. ನೂರು ಕಿಲೋಮೀಟರ್ ಓಡಿದ ಮೇಲೆ, ಎಂಜಿನ್ ತಣ್ಣಗಾದಾಗ, ಕ್ಲಿಪ್ಪುಗಳನ್ನು ಮತ್ತೊಮ್ಮೆ ಬಿಗಿದು ನೀರಿನ ಮಟ್ಟ ನೋಡಿ. ನಮಸ್ಕಾರ.