ಕೊನೆಯ ಚೆಂಡಿಗೆ ಬ್ಯಾಟ್ ಹಿಡಿದವರು: ಎಡ್ಗರ್ ರೆಂಟೆರಿಯಾ

[ಪರದೆ: ಮಯಾಮಿ ಮೈದಾನ, 26 ಅಕ್ಟೋಬರ್ 1997]

ಅಮೆರಿಕದ ಬೇಸ್‌ಬಾಲ್, ವರ್ಲ್ಡ್ ಸೀರೀಸ್. ವರ್ಷದ ಚಾಂಪಿಯನ್ ಯಾರೆಂದು ತೀರ್ಮಾನಿಸುವ ಸರಣಿ, ಮೊದಲು ನಾಲ್ಕು ಪಂದ್ಯ ಗೆದ್ದವರಿಗೆ ಕಪ್. ಫ್ಲೋರಿಡಾ ಮಾರ್ಲಿನ್ಸ್ ಮತ್ತು ಕ್ಲೀವ್‌ಲ್ಯಾಂಡ್ ಇಂಡಿಯನ್ಸ್ ತಲಾ ಮೂರು ಪಂದ್ಯ ಗೆದ್ದಿವೆ. ಇದು ಏಳನೆಯದು, ಸ್ಕೋರ್ 2-2. ಒಂಬತ್ತು ಇನಿಂಗ್ಸ್‌ಗೆ ಮುಗಿಯಬೇಕಾದ ಆಟ ಹನ್ನೊಂದಕ್ಕೆ ಬಂದು ನಿಂತಿದೆ. ರನ್‌ಗಾಗಿ ಸುತ್ತಿ ಬರಬೇಕಾದ ಮೂರೂ ಬೇಸ್‌ನಲ್ಲಿ ಮಾರ್ಲಿನ್ಸ್ ಆಟಗಾರರು. ಇಬ್ಬರು ಔಟ್, ಮೂರನೆಯವರು ಔಟಾದರೆ ಸರದಿ ಮುಗಿಯಿತು. ಬ್ಯಾಟ್ ಹಿಡಿದು ಬಂದ ಹುಡುಗನಿಗೆ 22 ವರ್ಷ.

ಪಿಚರ್ ಚಾರ್ಲ್ಸ್ ನೇಗಿ ಎಸೆದರು. ಹುಡುಗ ಅವರ ಕಡೆಗೇ ಬಾರಿಸಿದ. ನೇಗಿ ಕೈ ಎತ್ತಿದರು. ಚೆಂಡು ಗ್ಲೌಸ್ ತುದಿಯನ್ನು ಸವರಿಕೊಂಡು ಹಿಂದಕ್ಕೆ ಹಾರಿತು. ಮೂರನೇ ಬೇಸ್‌ನಿಂದ ಕ್ರೇಗ್ ಕೌನ್ಸೆಲ್ ಓಡಿ ಬಂದು ಗೆಲುವಿನ ರನ್ ಗಳಿಸಿದರು. ಮಾರ್ಲಿನ್ಸ್‌ಗೆ ಮೊದಲ ಕಪ್!

[ಪರದೆ: ಕೊಲಂಬಿಯಾ ನಕ್ಷೆ, ಬಾರಂಕಿಯಾ]

ಆ ಹುಡುಗ ಎಡ್ಗರ್ ರೆಂಟೆರಿಯಾ. ಊರು ಕೊಲಂಬಿಯಾದ ಬಾರಂಕಿಯಾ. ಹೌದು, ಶಕೀರಾ ಹುಟ್ಟಿದ ಊರೇ. ಕೊಲಂಬಿಯಾ ಅಂದ್ರೆ ಫುಟ್‌ಬಾಲ್ ಅಲ್ವಾ? ಆದರೆ ಕೆರಿಬಿಯನ್ ಕರಾವಳಿಯ ಬಾರಂಕಿಯಾ, ಕಾರ್ತಹೇನಾ ಕಡೆ ಬೇಸ್‌ಬಾಲ್ ಹುಚ್ಚು ಜಾಸ್ತಿ. ಮಾರ್ಲಿನ್ಸ್ ಇವರನ್ನು 1992ರಲ್ಲೇ, 16ನೇ ವಯಸ್ಸಿಗೇ, ಸೇರಿಸಿಕೊಂಡಿತ್ತು. 1996ರಲ್ಲಿ ದೊಡ್ಡ ಲೀಗ್‌ಗೆ ಬಂದರು.

ಇವರದ್ದು ಶಾರ್ಟ್‌ಸ್ಟಾಪ್ ಜಾಗ. ಎರಡನೇ ಮತ್ತು ಮೂರನೇ ಬೇಸ್ ನಡುವೆ ನಿಲ್ಲುವ ಇನ್‌ಫೀಲ್ಡರ್. ನೆಲಕ್ಕೆ ಪುಟಿದು ನುಗ್ಗುವ ಚೆಂಡನ್ನು ಬಗ್ಗಿ ಹಿಡಿದು, ಎದ್ದು ನಿಲ್ಲುವಷ್ಟರಲ್ಲಿ ಮೊದಲನೇ ಬೇಸ್‌ಗೆ ಎಸೆದಿರಬೇಕು. ಅರೆಕ್ಷಣ ತಡವಾದರೂ ಓಟಗಾರ ತಲುಪಿಬಿಡುತ್ತಾನೆ. ಇನ್‌ಫೀಲ್ಡ್‌ನಲ್ಲಿ ಇದಕ್ಕಿಂತ ಕಷ್ಟದ ಜಾಗ ಇಲ್ಲ ಅಂತಲೇ ನನ್ನ ಲೆಕ್ಕ.

1999ರಿಂದ ಸೇಂಟ್ ಲೂಯಿಸ್ ಕಾರ್ಡಿನಲ್ಸ್. ಅಲ್ಲಿ ಆರು ವರ್ಷ, ಅವರ ಅತ್ಯುತ್ತಮ ಕಾಲ. 2003ರಲ್ಲಿ ಬ್ಯಾಟಿಂಗ್ ಸರಾಸರಿ .330, ಅಂದ್ರೆ ಸಾವಿರ ಅವಕಾಶಕ್ಕೆ 330 ಹಿಟ್ (ಹೊಡೆದು ಬೇಸ್ ತಲುಪುವುದು). ಫೀಲ್ಡಿಂಗ್‌ಗೆ ಎರಡು ಗೋಲ್ಡ್ ಗ್ಲೌ, ಬ್ಯಾಟಿಂಗ್‌ಗೆ ಮೂರು ಸಿಲ್ವರ್ ಸ್ಲಗ್ಗರ್ ಪ್ರಶಸ್ತಿ.

[ಪರದೆ: ಸೇಂಟ್ ಲೂಯಿಸ್, 27 ಅಕ್ಟೋಬರ್ 2004]

ಮತ್ತೆ ವರ್ಲ್ಡ್ ಸೀರೀಸ್. ಎದುರಾಳಿ ಬೋಸ್ಟನ್ ರೆಡ್ ಸಾಕ್ಸ್, ಕಪ್ ಗೆದ್ದು 86 ವರ್ಷವಾಗಿದ್ದ ತಂಡ. ಅವರ ಶಾರ್ಟ್‌ಸ್ಟಾಪ್ ಒರ್ಲಾಂಡೊ ಕಬ್ರೇರಾ ಕಾರ್ತಹೇನಾದವರು. ಎರಡೂ ತಂಡಗಳಲ್ಲಿ ಆ ಕಷ್ಟದ ಜಾಗದಲ್ಲಿ ಕೊಲಂಬಿಯಾದವರು! ನನಗಂತೂ ಇದು ಆ ಸರಣಿಯ ಅತ್ಯಂತ ಚೆಂದದ ಸಂಗತಿ.

ನಾಲ್ಕನೇ ಪಂದ್ಯದ ಕೊನೆಯ ಔಟ್ ರೆಂಟೆರಿಯಾ ಅವರದ್ದೇ. ಈ ಸಲವೂ ಚೆಂಡು ಪಿಚರ್ ಕಡೆಗೇ ಹೋಯಿತು. ಆದರೆ ಕೀತ್ ಫೌಲ್ಕ್ ಕೈಗೆ ಸಿಕ್ಕಿತು. ನಾಲ್ಕೂ ಪಂದ್ಯ ಗೆದ್ದು ಬೋಸ್ಟನ್ ಕುಣಿಯಿತು.

ಮರುವರ್ಷ ರೆಂಟೆರಿಯಾ ಅದೇ ಬೋಸ್ಟನ್‌ಗೆ, ಕಬ್ರೇರಾ ಬಿಟ್ಟುಹೋದ ಜಾಗಕ್ಕೇ ಹೋದರು. ಕೈ ಹತ್ತಲಿಲ್ಲ. ಫೀಲ್ಡಿಂಗ್‌ನಲ್ಲಿ 30 ತಪ್ಪು. ಒಂದೇ ವರ್ಷಕ್ಕೆ ಅಲ್ಲಿಂದ ಹೊರಬಿದ್ದರು. ಆಮೇಲೆ ಅಟ್ಲಾಂಟಾ, ಡೆಟ್ರಾಯಿಟ್, ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್.

[ಪರದೆ: ಟೆಕ್ಸಾಸ್, 1 ನವೆಂಬರ್ 2010]

ಆ ವರ್ಷ ಗಾಯದ ಮೇಲೆ ಗಾಯ. ಲೀಗ್‌ನಲ್ಲಿ ಆಡಿದ್ದು 72 ಪಂದ್ಯ, ಹೊಡೆದದ್ದು 3 ಹೋಮ್ ರನ್ (ಬೇಲಿ ದಾಟುವ ಹೊಡೆತ). ವಯಸ್ಸು 35. ಆದರೂ ವರ್ಲ್ಡ್ ಸೀರೀಸ್‌ನಲ್ಲಿ ಜೈಂಟ್ಸ್ ಅವರನ್ನು ಆಡಿಸಿತು.

ಐದನೇ ಪಂದ್ಯ, ಏಳನೇ ಇನಿಂಗ್ಸ್, ಸ್ಕೋರ್ 0-0. ಎರಡನೇ, ಮೂರನೇ ಬೇಸ್‌ನಲ್ಲಿ ಓಟಗಾರರು, ಇಬ್ಬರು ಔಟ್. ಮೊದಲನೇ ಬೇಸ್ ಖಾಲಿ. ಬೇಕಿದ್ದರೆ ಇವರಿಗೆ ಸುಮ್ನೆ ವಾಕ್ ಕೊಟ್ಟು, ಅಂದ್ರೆ ಬೇಕೆಂದೇ ನಾಲ್ಕು ಎಸೆತ ದೂರ ಎಸೆದು, ಆ ಬೇಸ್‌ಗೆ ಕಳಿಸಬಹುದಿತ್ತು. ಟೆಕ್ಸಾಸ್‌ನ ಕ್ಲಿಫ್ ಲೀ ಎಸೆದೇ ಬಿಟ್ಟರು. ಮೊದಲೆರಡು ಎಸೆತ ಬಾಲ್, ಅಂದ್ರೆ ಹೊಡೆಯುವ ವ್ಯಾಪ್ತಿಯ ಹೊರಗೆ. ಮೂರನೆಯದು ನಡುವಿಗೆ ಬಂತು. ರೆಂಟೆರಿಯಾ ಎತ್ತಿ ಹೊಡೆದರು. ಎಡಕ್ಕೆ ವಾಲಿದ ಚೆಂಡು ಬೇಲಿ ದಾಟಿತು. ಮೂರು ರನ್. ಪಂದ್ಯ 3-1. ಸ್ಯಾನ್ ಫ್ರಾನ್ಸಿಸ್ಕೊಗೆ ಬಂದ ಮೇಲೆ ಜೈಂಟ್ಸ್ ಗೆದ್ದ ಮೊದಲ ಕಪ್ ಅದು. ಸರಣಿಯ ಶ್ರೇಷ್ಠ ಆಟಗಾರ ರೆಂಟೆರಿಯಾ.

2011ರಲ್ಲಿ ಸಿನ್ಸಿನಾಟಿಯಲ್ಲಿ ಕೊನೆಯ ಸೀಸನ್. ಒಟ್ಟು 2,327 ಹಿಟ್.

[ಪರದೆ: ಬಾರಂಕಿಯಾದ ಮೈದಾನ]

ಊರನ್ನು ಅವರು ಮರೆಯಲಿಲ್ಲ. ಅಣ್ಣ ಎಡಿನ್ಸನ್ ಜೊತೆ 1999ರಲ್ಲೇ ಕೊಲಂಬಿಯಾದ ವೃತ್ತಿಪರ ಲೀಗ್ ಅನ್ನು ಮತ್ತೆ ಕಟ್ಟಿದ್ದರು. 2018ರಲ್ಲಿ ಬಾರಂಕಿಯಾದ ಹೊಸ ಸ್ಟೇಡಿಯಂಗೆ ಅವರ ಹೆಸರಿಟ್ಟರು. ಅಲ್ಲಿ ಆಡುವ ಕೈಮಾನೆಸ್ ತಂಡ 2022ರಲ್ಲಿ ಕೆರಿಬಿಯನ್ ಸೀರೀಸ್ (ಆ ಭಾಗದ ದೇಶಗಳ ಚಾಂಪಿಯನ್ ತಂಡಗಳ ಟೂರ್ನಿ) ಗೆದ್ದಿತು. ಕೊಲಂಬಿಯಾಕ್ಕೆ ಆ ಕಪ್ ಬಂದದ್ದು ಅದೇ ಮೊದಲ ಸಲ.