ಕರೆಂಟು ಹೋದರೆ ಮೀನಿನ ತೊಟ್ಟಿಯ ನೀರು ಎಲ್ಲಿಗೆ?

ಕೇಳುಗರಿಗೆ ನಮಸ್ಕಾರ.

ನಮ್ಮ ಕಾಸರಗೋಡು, ಕುಂಬಳೆ, ಬದಿಯಡ್ಕ ಕಡೆ ಮನೆಯ ಚಾವಡಿಯಲ್ಲಿ ಮೀನಿನ ತೊಟ್ಟಿ ಇಟ್ಟವರು ಮೊದಲು ಎರಡಡಿಯ ಗಾಜಿನ ಪೆಟ್ಟಿಗೆಯಲ್ಲಿ ಗಪ್ಪಿ ಸಾಕುತ್ತಾರೆ. ಆಮೇಲೆ ಆಸೆ ದೊಡ್ಡದಾಗುತ್ತದೆ. ಕೇರಳದ ಹೊಳೆಗಳದ್ದೇ ಆದ ಮಿಸ್ ಕೇರಳ ಮೀನು ಬೇಕು ಅನ್ನಿಸುತ್ತದೆ. ಮೈಮೇಲೆ ಕೆಂಪು ಗೆರೆ, ಅದರ ಕೆಳಗೆ ಕಪ್ಪು ಗೆರೆ, ಗುಂಪಾಗಿ ಓಡಾಡುವ ಚುರುಕು ಮೀನು ಅದು. ಹೊಳೆಯಲ್ಲಿ ಅಳಿವಿನ ಅಂಚಿಗೆ ಬಂದಿರುವುದರಿಂದ ಸಾಕಣೆಯಲ್ಲಿ ಮರಿಯಾದದ್ದನ್ನೇ ಕೇಳಿ ತರಬೇಕು. ಅದಕ್ಕೆ ಹರಿಯುವ ನೀರು, ತುಂಬ ಆಮ್ಲಜನಕ ಬೇಕು. ಹಾಗಾಗಿ ನಾಲ್ಕಡಿಯ ತೊಟ್ಟಿ, ಅದರ ಸ್ಟ್ಯಾಂಡಿನೊಳಗೆ ನೀರು ಸೋಸಲು ಇನ್ನೊಂದು ತೊಟ್ಟಿ, ಅಂದರೆ ಸಂಪ್, ಹೀಗೆ ವ್ಯವಸ್ಥೆ ಬೆಳೆಯುತ್ತದೆ. ಮೇಲಿನ ನೀರು ತಾನಾಗಿ ಕೆಳಗೆ ಇಳಿಯುತ್ತದೆ, ಪಂಪು ಅದನ್ನು ಮತ್ತೆ ಮೇಲಕ್ಕೆ ಎತ್ತುತ್ತದೆ.

ಮೇಲಿನಿಂದ ನೀರು ಇಳಿಯುವ ದಾರಿಯೇ ಓವರ್‌ಫ್ಲೋ. ಕೆರೆಗೆ ಕೋಡಿ ಇರುವ ಹಾಗೆ. ಕೋಡಿ ಕಟ್ಟಿಕೊಂಡರೆ ಕೆರೆಯ ಏರಿಗೆ ಏನಾಗುತ್ತದೆ ಎಂದು ನಮ್ಮ ಕೃಷಿಕರಿಗೆ ಹೇಳಿಕೊಡಬೇಕಾಗಿಲ್ಲ.

ಅಂಗಡಿಗೆ ಹೋದರೆ ಎರಡು ಬಗೆ ತೋರಿಸುತ್ತಾರೆ. ಒಂದು, ತೊಟ್ಟಿಯ ಅಂಚಿಗೆ ನೇತುಹಾಕುವ ಪೆಟ್ಟಿಗೆ. ಗಾಜಿಗೆ ತೂತು ಬೇಡ, ಬಾಗಿದ ಕೊಳವೆಯೊಂದು ನೀರನ್ನು ಎಳೆದು ಅಂಚು ದಾಟಿಸುತ್ತದೆ. ಇನ್ನೊಂದು, ಗಾಜಿಗೇ ತೂತು ಕೊರೆದು ಪೈಪು ಕೂರಿಸುವುದು. ಮೊದಲನೆಯದು ಸುಲಭ. ಆದರೂ ನಮ್ಮ ಊರಿನ ಮನೆಗೆ ನಾನು ಅದನ್ನು ಒಪ್ಪುವುದಿಲ್ಲ.

ಆ ಬಾಗಿದ ಕೊಳವೆಯನ್ನು ಹತ್ತಿರದಿಂದ ನೋಡಿ. ನೀರಿನ ಜೊತೆ ಬರುವ ಸಣ್ಣ ಗುಳ್ಳೆಗಳು ಮೇಲಿನ ತಿರುವಿನಲ್ಲಿ ಸಿಕ್ಕಿಕೊಳ್ಳುತ್ತವೆ. ಮೊದಲು ಸಾಸಿವೆಯಷ್ಟು, ಕೆಲವು ದಿನ ಕಳೆದರೆ ಬೆರಳಗಲ ಗಾಳಿ. ಅಲ್ಲಿ ಗಾಳಿ ತುಂಬಿದರೆ ಎಳೆತ ತುಂಡಾಯಿತು. ನೀರು ಇಳಿಯುವುದು ನಿಂತಿತು, ಪಂಪು ಮಾತ್ರ ಎತ್ತುತ್ತಲೇ ಇರುತ್ತದೆ. ಆಟಿ ತಿಂಗಳ ಗಾಳಿಮಳೆಗೆ ಕರೆಂಟು ಹೋಗಿ ಬಂದಾಗಲೂ ಇದೇ ಭಯ. ಕರೆಂಟು ಬಂದ ಕೂಡಲೇ ಪಂಪು ಶುರುವಾಗುತ್ತದೆ, ಕೊಳವೆಯ ಎಳೆತ ಶುರುವಾಗಲೇಬೇಕೆಂದಿಲ್ಲ. ಗಾಳಿ ಹೀರಲು ಬೇರೆ ಪುಟ್ಟ ಪಂಪು ಇಡುವವರಿದ್ದಾರೆ. ಆಗ ಒಂದು ಯಂತ್ರದ ಕ್ಷೇಮ ಇನ್ನೊಂದು ಯಂತ್ರದ ಕೈಗೆ ಹೋಯಿತು, ಅಷ್ಟೇ.

ಕೊರೆದ ತೂತಿಗೆ ಈ ತೊಂದರೆ ಇಲ್ಲ. ತೂತಿನ ಮಟ್ಟಕ್ಕಿಂತ ನೀರು ಏರಿದರೆ ಅದು ಇಳಿಯಲೇಬೇಕು. ಎಳೆತ ಶುರುಮಾಡುವ ಕೆಲಸವೇ ಇಲ್ಲ. ಆದರೆ ಟಫನ್ಡ್, ಅಂದರೆ ಕಾಯಿಸಿ ಗಟ್ಟಿ ಮಾಡಿದ ಗಾಜನ್ನು ಕೊರೆಯಲಾಗದು, ಡ್ರಿಲ್ಲಿನ ಮೊನೆ ತಾಗಿದರೆ ಇಡೀ ಹಲಗೆ ಪುಡಿಯಾಗುತ್ತದೆ. ಸಾದಾ ಗಾಜನ್ನು ಡೈಮಂಡ್ ಡ್ರಿಲ್ ಬಿಟ್‌ನಿಂದ, ನೀರು ಬಿಡುತ್ತಾ, ಒತ್ತದೆ ಕೊರೆಯಬೇಕು. ತೊಟ್ಟಿ ಜೋಡಿಸುವ ಮೊದಲೇ ಗಾಜಿನವರಲ್ಲಿ ಮಾಡಿಸಿಕೊಂಡರೆ ಕ್ಷೇಮ. ಅಂಚಿನಿಂದ ತೂತಿಗೆ ಕನಿಷ್ಠ ತೂತಿನ ಅಗಲದಷ್ಟಾದರೂ ದೂರ ಇರಲಿ. ಅಡಿಯ ಗಾಜಿಗಿಂತ ಹಿಂದಿನ ಗಾಜಿನ ಮೇಲ್ಭಾಗ ನನಗೆ ಹೆಚ್ಚು ಮೆಚ್ಚು. ಮುಂದೊಂದು ದಿನ ವಾಷರ್ ಸೋರಿದರೂ ನೀರು ತೂತಿನ ಮಟ್ಟದವರೆಗೆ ಮಾತ್ರ ಇಳಿಯುತ್ತದೆ, ಮೀನು ಉಳಿಯುತ್ತದೆ.

ಒಂದೇ ಪೈಪು ಸಾಕೇ? ಸಾಲದು. ಒಂದು ಬಸವನಹುಳ, ಕಿತ್ತು ಬಂದ ಒಂದು ಹುಲ್ಲಿನೆಲೆ ಸಾಕು ಅದನ್ನು ಮುಚ್ಚಲು. ಎರಡು ಪೈಪು ಹಾಕುವ ಪದ್ಧತಿಗೆ ಹರ್ಬಿ ಎನ್ನುತ್ತಾರೆ. ಮೊದಲ ಪೈಪು ಪೂರ್ತಿ ನೀರು ತುಂಬಿಕೊಂಡು ಸದ್ದಿಲ್ಲದೆ ಇಳಿಸುತ್ತದೆ, ಅದಕ್ಕೊಂದು ಗೇಟ್ ವಾಲ್ವ್ ಇಟ್ಟು ಹರಿವನ್ನು ಹದ ಮಾಡಿಕೊಳ್ಳಬೇಕು. ಎರಡನೆಯದರ ಬಾಯಿ ಸ್ವಲ್ಪ ಮೇಲೆ, ದಿನವೂ ಒಣಗಿಯೇ ಇರುತ್ತದೆ. ಮೊದಲನೆಯದು ಕಟ್ಟಿದರೆ ಇದು ಹೊಣೆ ಹೊರುತ್ತದೆ. ಇದಕ್ಕೆ ಯಾವ ವಾಲ್ವ್‌ನ್ನೂ ಇಡಬಾರದು, ಯಾರಾದರೂ ತಿಳಿಯದೆ ತಿರುಗಿಸಿ ಮುಚ್ಚಿಯಾರು. ಒಣ ಪೈಪಿನಲ್ಲಿ ಗೊಳಗೊಳ ಸದ್ದು ಕೇಳಿದರೆ ಮೊದಲನೆಯದನ್ನು ಶುಚಿ ಮಾಡುವ ಹೊತ್ತಾಯಿತು ಎಂದು ತಿಳಿಯಿರಿ. ಮೂರು ಪೈಪಿನ ಬೀನ್ ಅನಿಮಲ್ ಪದ್ಧತಿಯೂ ಇದೆ. ವಾರಗಟ್ಟಲೆ ಮನೆ ಬಿಟ್ಟು ಹೋಗುವವರು ಅದನ್ನೇ ಮಾಡಿಸಿಕೊಳ್ಳಲಿ.

ಇನ್ನು ಲೆಕ್ಕ. ಕಾಗದ ಪೆನ್ಸಿಲು ಹತ್ತಿರ ಇದ್ದರೆ ಬರೆದುಕೊಳ್ಳಿ. 120 ಸೆಂಟಿಮೀಟರ್ ಉದ್ದ, 45 ಸೆಂಟಿಮೀಟರ್ ಅಗಲದ ತೊಟ್ಟಿಯಲ್ಲಿ 1 ಸೆಂಟಿಮೀಟರ್ ಎತ್ತರದ ನೀರು ಎಂದರೆ 5.4 ಲೀಟರ್. ಪಂಪಿನಿಂದ ಮೇಲೆ ಬರುವ ಪೈಪಿನ ಬಾಯಿ ನೀರಿನೊಳಗೆ 20 ಸೆಂಟಿಮೀಟರ್ ಆಳದಲ್ಲಿದ್ದರೆ, ಕರೆಂಟು ಹೋದಾಗ ಅದೇ ಪೈಪು ನೀರನ್ನು ಹಿಂದಕ್ಕೆ ಎಳೆಯುತ್ತದೆ, ಬಾಯಿಗೆ ಗಾಳಿ ಸಿಗುವವರೆಗೆ. ಇಪ್ಪತ್ತು ಸಲ 5.4, ಅಂದರೆ 108 ಲೀಟರ್! ಕೆಳಗಿರುವ ಸಂಪ್ ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ್ದಾದರೆ ಪೂರ್ತಿ ಖಾಲಿಯಿದ್ದರೂ ಹಿಡಿಯುವುದು 54 ಲೀಟರ್. ಉಳಿದದ್ದು ನೆಲಕ್ಕೆ.

ಬಾಯಿಯನ್ನು ನೀರಿನ ಮೇಲ್ಮೈಯಿಂದ 2 ಸೆಂಟಿಮೀಟರ್ ಕೆಳಗಷ್ಟೇ ಇಡಿ. ಆಗ ಹಿಂದಕ್ಕೆ ಬರುವುದು ಸುಮಾರು 11 ಲೀಟರ್, ಪೈಪುಗಳ ನೀರೂ ಸೇರಿ 20 ಎಂದಿಟ್ಟುಕೊಳ್ಳಿ. ಆ ಸಂಪ್‌ನಲ್ಲಿ ಪಂಪು ಓಡುವಾಗ ಮೇಲೆ 12 ಸೆಂಟಿಮೀಟರ್ ಖಾಲಿ ಬಿಟ್ಟರೆ ಅದು ಹಿಡಿಯುತ್ತದೆ. ನೀರನ್ನು ಹಿಂದಕ್ಕೆ ಬಿಡದ ನಾನ್ ರಿಟರ್ನ್ ವಾಲ್ವ್ ಇದೆಯಲ್ಲ ಎನ್ನುವವರಿಗೆ ಒಂದು ಮಾತು: ಅದರ ನಾಲಗೆಯಡಿ ಒಂದು ಮರಳಿನ ಕಣ, ಒಂದು ಎಳೆ ಪಾಚಿ ಸಿಕ್ಕಿದರೂ ಅದು ಮುಚ್ಚುವುದಿಲ್ಲ. ಇರಲಿ, ಅದನ್ನೇ ನಂಬಿ ಕೂರಬೇಡಿ.

ಎರಡು ಪೈಪೂ ಕಟ್ಟಿತು ಎಂದೇ ಇಟ್ಟುಕೊಳ್ಳಿ. ಸಂಪ್‌ನೊಳಗೆ ಪಂಪು ಇರುವ ಕೋಣೆಯಲ್ಲಿ ಎಷ್ಟು ನೀರಿದೆಯೋ ಅಷ್ಟೇ ಮೇಲಕ್ಕೆ ಹೋಗುತ್ತದೆ. ಸಂಪ್‌ನಲ್ಲಿ ತಡೆಗಾಜು ಇಟ್ಟು ಆ ಕೋಣೆಯಲ್ಲಿ 9 ಅಥವಾ 10 ಲೀಟರ್ ಇರುವಂತೆ ಮಾಡಿ, ಮೇಲಿನ ತೊಟ್ಟಿಯ ಅಂಚಿಗೆ 3 ಸೆಂಟಿಮೀಟರ್ ಖಾಲಿ ಬಿಟ್ಟರೆ ಅಲ್ಲಿ 16 ಲೀಟರಿಗೆ ಜಾಗ ಇದೆ. ಚೆಲ್ಲುವುದಿಲ್ಲ. ಆದರೆ ಆವಿಯಾದ ನೀರು ತುಂಬಲೆಂದು ತಾರಸಿಯ ಟ್ಯಾಂಕಿಯಿಂದ ನೇರವಾಗಿ, ನೀರು ಇಳಿದಾಗ ತಾನೇ ತೆರೆಯುವ ಫ್ಲೋಟ್ ವಾಲ್ವ್ ಕೊಟ್ಟುಬಿಟ್ಟರೆ ಈ ಲೆಕ್ಕವೆಲ್ಲ ನೀರುಪಾಲು. ಆ ವಾಲ್ವ್ ಸಿಕ್ಕಿಕೊಂಡರೆ ಇಡೀ ಟ್ಯಾಂಕಿಯೇ ಚಾವಡಿಗೆ ಇಳಿಯುತ್ತದೆ. ಬೇಕಾದರೆ ಟ್ಯಾಂಕಿಯ ಬದಲು 5 ಲೀಟರಿನ ಕ್ಯಾನು ಇಡಿ.

ಪಂಪನ್ನು ದೊಡ್ಡದು ತರಬೇಡಿ. ಈ ಅಳತೆಯ ತೊಟ್ಟಿಗೆ ಮೇಲೆ ಬಂದು ಬೀಳುವ ನೀರು ಗಂಟೆಗೆ ಸಾವಿರ, ಸಾವಿರದಿನ್ನೂರು ಲೀಟರ್ ಇದ್ದರೆ ಧಾರಾಳ. ಡಬ್ಬದ ಮೇಲೆ ಬರೆದ ಸಂಖ್ಯೆ ಎತ್ತರವಿಲ್ಲದಾಗಿನದ್ದು, ನಾಲ್ಕಡಿ ಮೇಲಕ್ಕೆ ಎತ್ತುವಾಗ ಅದು ಕಡಿಮೆಯಾಗುತ್ತದೆ.

ಮೀನು ಬಿಡುವ ಮೊದಲು ಹಗಲು ಹೊತ್ತಿನಲ್ಲಿ ಪರೀಕ್ಷೆ ಮಾಡಿ. ನೀರು ತುಂಬಿ ಓಡಿಸಿ, ಸ್ವಿಚ್ಚು ಆರಿಸಿ, ಸಂಪ್‌ನಲ್ಲಿ ನೀರು ಎಲ್ಲಿಗೆ ಬಂದು ನಿಲ್ಲುತ್ತದೆ ನೋಡಿ. ಪಂಪು ಓಡುವಾಗಿನ ಮಟ್ಟಕ್ಕೆ ಮಾರ್ಕರಿನಲ್ಲಿ ಗೆರೆ ಎಳೆಯಿರಿ. ಮುಂದೆ ಯಾರೂ ಆ ಗೆರೆ ದಾಟಿ ನೀರು ತುಂಬಬಾರದು. ಮತ್ತೆ ಸ್ವಿಚ್ಚು ಹಾಕಿ, ಗೇಟ್ ವಾಲ್ವ್ ಪೂರ್ತಿ ಮುಚ್ಚಿ. ಎರಡನೆಯ ಪೈಪು ಒಂದೇ ಆ ನೀರನ್ನೆಲ್ಲ ಇಳಿಸಬೇಕು. ಕೊನೆಗೆ ಅದಕ್ಕೂ ಬಟ್ಟೆ ತುರುಕಿ ಪಕ್ಕದಲ್ಲೇ ನಿಂತು ನೋಡಿ. ತೊಟ್ಟಿ ಚೆಲ್ಲದೆ ಪಂಪು ಬರಿಗಾಳಿ ಎಳೆಯಲು ಶುರುಮಾಡಿದರೆ ಲೆಕ್ಕ ಸರಿಯಾಗಿದೆ. ಕೂಡಲೇ ಆರಿಸಿ, ಬಟ್ಟೆ ತೆಗೆದು, ವಾಲ್ವ್ ಮತ್ತೆ ಹದ ಮಾಡಿ.

ಪ್ಲಗ್ ಬೋರ್ಡನ್ನು ಸ್ಟ್ಯಾಂಡಿನೊಳಗೆ, ಸಂಪ್‌ನ ಮೇಲೆ ಇಡಲೇಬೇಡಿ. ಪಕ್ಕದ ಗೋಡೆಯಲ್ಲಿ ಎತ್ತರಕ್ಕಿರಲಿ, ವಯರು ಪ್ಲಗ್ಗಿಗಿಂತ ಕೆಳಗೆ ಇಳಿದು ಮೇಲಕ್ಕೆ ಹೋಗಲಿ, ಹನಿ ಅಲ್ಲೇ ತೊಟ್ಟಿಕ್ಕುತ್ತದೆ. ಮನೆಯಲ್ಲಿ ಕರೆಂಟು ಸೋರಿದರೆ ತಾನೇ ಕಡಿದುಬಿಡುವ 30 ಮಿಲಿಆಂಪಿಯರಿನ ಸ್ವಿಚ್ಚು, ಅಂದರೆ ಇ.ಎಲ್.ಸಿ.ಬಿ. ಇಲ್ಲದಿದ್ದರೆ ತೊಟ್ಟಿಗಿಂತ ಮೊದಲು ಅದನ್ನು ಹಾಕಿಸಿ. ನೆಲದಲ್ಲಿ ನೀರು ಕಂಡರೆ ತೊಟ್ಟಿಯ ಹತ್ತಿರ ಓಡದೆ ಮೊದಲು ಮೇನ್ ಸ್ವಿಚ್ಚು ಆರಿಸಬೇಕು ಎಂದು ಮನೆಯಲ್ಲಿರುವ ಎಲ್ಲರಿಗೂ, ಮಕ್ಕಳಿಗೂ ಅಜ್ಜಿಗೂ, ಹೇಳಿ ತೋರಿಸಿ.

ನಮಸ್ಕಾರ.