ಕಟ್ಟಿಗಿ ನೋಡಬ್ಯಾಡ್ರಿ, ಬಾಡಿ ನೋಡ್ರಿ: ಮಾರ್ಪಾಡಾದ ಎಸ್‌ಎಲ್‌ಆರ್‌ನ ಹುಟ್ಟೂರು ಹುಡುಕೋದು

ನಮಸ್ಕಾರ್ರೀ. ಎಸ್‌ಎಲ್‌ಆರ್ ರೈಫಲ್ (ಸೆಲ್ಫ್ ಲೋಡಿಂಗ್ ರೈಫಲ್, ಅಂದ್ರ ತಾನಾಗೇ ಲೋಡ್ ಆಗೋದು) ಹುಬ್ಬಳ್ಳಿ-ಧಾರವಾಡದ ಮಂದಿಗೆ ಹೊಸದಲ್ಲ. ಪೊಲೀಸ್ ಪಹರೆಯವರ ಹೆಗಲಿಗೆ ತೂಗಾಡೋ ಉದ್ದನೆ ಬಂದೂಕು ಅದು. ಆದ್ರ ಇವತ್ತು ನಾವು ಮಾತಾಡೋ ಬಂದೂಕು ನಮ್ಮ ಕಡೀದಲ್ಲ, ಬ್ರಿಟನ್ನಿಂದು. ನೋಡಾಕ ಥೇಟ್ ಎಸ್‌ಎಲ್‌ಆರ್, ಆದ್ರ ತಾನಾಗೇ ಲೋಡ್ ಆಗಂಗಿಲ್ಲ. ಒಂದೊಂದು ಗುಂಡಿಗೂ ಕೈಯಿಂದ ಬೋಲ್ಟ್ (ಗುಂಡನ್ನ ಒಳಗ ತಳ್ಳೋ ಲೋಹದ ತುಂಡು) ಎಳೀಬೇಕು. 1987ರಾಗ ಇಂಗ್ಲೆಂಡಿನ ಹಂಗರ್‌ಫೋರ್ಡ್ ಊರಾಗ ಹತ್ಯಾಕಾಂಡ ಆತು. ಮರುವರ್ಷದ ಕಾಯ್ದೆ ಅಲ್ಲಿ ಸೆಂಟರ್‌ಫೈರ್ (ಗುಂಡಿನ ತಳದ ನಡುವ ಬಡದು ಹಾರಿಸೋ) ಸೆಮಿ-ಆಟೊಮ್ಯಾಟಿಕ್ (ತಾನಾಗೇ ಲೋಡ್ ಆಗೋ) ರೈಫಲ್ಲಿಗೆ ನಿಷೇಧ ಹಾಕಿತು. ಅದರ ಬೆನ್ನಿಗೇ ಕೆಲವು ರೈಫಲ್‌ಗಳ ಗ್ಯಾಸ್ ಕೆಲಸ (ಗುಂಡಿನ ಗ್ಯಾಸಿನಿಂದ ಬೋಲ್ಟ್ ತಾನಾಗೇ ಹಿಂದಕ್ಕ ಸರಿಯೋದು) ಬಂದ್ ಮಾಡಿ ಕೈ ಎಳೆತಕ್ಕ ತಿರುಗಿಸಿದ್ರು. ಹಿಂಗ ಬದಲಾದ ಬಂದೂಕು ಹುಟ್ಟಿದ್ದು ಎಲ್ಲಿ ಅಂತ ಹುಡುಕೋದು ಹೆಂಗ?

ಮೊದಲ ಮಾತು, ಕಟ್ಟಿಗಿ ನಂಬಬ್ಯಾಡ್ರಿ. ಹೆಗಲಿಗೆ ಒತ್ತೋ ಹಿಂದಿನ ಬಟ್, ಕೈ ಹಿಡಿಯೋ ಮುಂದಿನ ಹ್ಯಾಂಡ್‌ಗಾರ್ಡ್, ಎತ್ತೋ ಹಿಡಿಕಿ, ಇವೆಲ್ಲ ಬಿಚ್ಚಿ ಹಾಕೋ ಸಾಮಾನು. ಇಪ್ಪತ್ತು ವರ್ಷದಾಗ ಮೂರು ದೇಶದ ಕಟ್ಟಿಗಿ ಒಂದೇ ಬಂದೂಕಿಗೆ ಬಂದು ಕುಂತಿರಬಹುದು. ಬದಲಿಸಾಕ ಕಷ್ಟ ಇರೋದು ಬಾಡಿ, ಅಂದ್ರ ರಿಸೀವರ್, ಬೋಲ್ಟ್ ಕೂಡೋ ನಡುವಿನ ಲೋಹದ ಚೌಕಟ್ಟು. ಹುಟ್ಟಿನ ಗುರುತು ಅದರ ಮ್ಯಾಲೇ ಇರತೈತಿ.

ಕೈಯಾಗ ಹಿಡಿಯೋದು ಲೈಸೆನ್ಸ್ ಇದ್ದವರು, ಅಧಿಕಾರ ಇದ್ದವರು ಮಾತ್ರ. ಅವರಿಗೂ ಒಂದು ಕ್ರಮ ಐತಿ: ಮೊದಲು ಮ್ಯಾಗಝಿನ್ (ಗುಂಡಿನ ಡಬ್ಬಿ) ತಗೀಬೇಕು, ಆಮೇಲೆ ಕಾಕಿಂಗ್ ಹ್ಯಾಂಡಲ್ (ಬೋಲ್ಟ್ ಎಳಿಯೋ ಹಿಡಿಕಿ) ಎಳದು ಚೇಂಬರ್ (ಗುಂಡು ಕೂಡೋ ಜಾಗ) ಒಳಗ ಕಣ್ಣಿಟ್ಟು ನೋಡಬೇಕು. ಇದನ್ನ ಉಲ್ಟಾ ಮಾಡಿದ್ರ, ಎಳದು ಬಿಟ್ಟ ಬೋಲ್ಟ್ ಮ್ಯಾಗಝಿನ್‌ನಾಗಿಂದ ಹೊಸ ಗುಂಡು ಒಳಗ ತಳ್ಳತೈತಿ. ಖಾಲಿ ಅಂದ್ಕೊಂಡ ಬಂದೂಕು ತುಂಬಿರತೈತಿ.

ಈಗ ಅಕ್ಷರ ಓದೋಣ. ಮೆತ್ತನ ಅರಿವಿಗೆ ಎರಡು ಹನಿ ಎಣ್ಣಿ ಹಚ್ಚಿ ಜಿಡ್ಡು ಒರಸ್ರಿ. ಟಾರ್ಚ್ ನೇರ ಹಿಡೀಬ್ಯಾಡ್ರಿ, ಅಡ್ಡಕ್ಕ, ಲೋಹದ ಮೈ ಸವರೋ ಹಂಗ ಹಿಡೀರಿ. ತಗ್ಗಿನಾಗ ನೆರಳು ಬಿದ್ದು ಅಕ್ಷರ ಎದ್ದು ಕಾಣತಾವು. ಅಷ್ಟಕ್ಕೂ ಕಾಣಲಿಲ್ಲಂದ್ರ ಸಾಲಿ ಖಡು ತಿಕ್ಕಿ, ಮ್ಯಾಲಿನ ಪುಡಿ ಒರಸಿದ್ರ ತಗ್ಗಿನಾಗಷ್ಟ ಬಿಳುಪು ಉಳೀತೈತಿ. ಸ್ಯಾಂಡ್ ಪೇಪರ್, ವೈರ್ ಬ್ರಶ್ ಹತ್ರ ತರಬ್ಯಾಡ್ರಿ. ಒಮ್ಮೆ ಅಳಿಸಿದ ಅಂಕಿ ತಿರುಗಿ ಬರಂಗಿಲ್ಲ. ಅದಲ್ಲದ ನಮ್ಮ ದೇಶದಾಗ ಬಂದೂಕಿನ ಮ್ಯಾಲಿನ ಹೆಸರು, ನಂಬರ್ ಅಳಿಸೋದು, ತಿದ್ದೋದು 1959ರ ಶಸ್ತ್ರಾಸ್ತ್ರ ಕಾಯ್ದೆಯ 8ನೇ ಕಲಮಿನ ಪ್ರಕಾರ ಅಪರಾಧ.

ಬ್ರಿಟನ್ನಿನ ಎಲ್1ಎ1 (ಅಲ್ಲಿನ ಎಸ್‌ಎಲ್‌ಆರ್‌ನ ಅಧಿಕೃತ ಹೆಸರು) ಆದ್ರ ನಂಬರಿನ ಮುಂದ ಯು.ಇ. ಅಥವಾ ಯು.ಬಿ. ಅಂತ ಇರತೈತಿ. ಮೊದಲನೇದು ಎನ್‌ಫೀಲ್ಡ್ ಕಾರ್ಖಾನೆ, ಎರಡನೇದು ಬಿಎಸ್‌ಎ ಕಂಪನಿ. ಅದರ ಬೆನ್ನಿಗಿರೋ ಎರಡು ಅಂಕಿ ವರ್ಷ. ಎ.ಡಿ. ಅಂತಿದ್ರ ಅದು ಆಸ್ಟ್ರೇಲಿಯಾದ ಲಿತ್‌ಗೋ ಕಾರ್ಖಾನೆ. ಆರ್.ಎಫ್.ಐ. ಅಂತಿದ್ರ ನಮ್ಮದೇ, ಪಶ್ಚಿಮ ಬಂಗಾಲದ ಇಶಾಪುರ ರೈಫಲ್ ಫ್ಯಾಕ್ಟರಿ.

ಎಲ್ಲಾರೂ ಎಡವೋ ಜಾಗ ಒಂದೈತಿ. ಬ್ಯಾರಲ್ (ಗುಂಡು ಹಾಯೋ ನಳಿಕೆ) ಮ್ಯಾಲೆ ಕಿರೀಟ, ಅದರ ಕೆಳಗ ಬಿ.ಎನ್.ಪಿ. (ಬರ್ಮಿಂಗ್‌ಹ್ಯಾಮ್ ನೈಟ್ರೊ ಪ್ರೂಫ್) ಕಂಡಕೂಡ್ಲೇ "ಇದು ಬರ್ಮಿಂಗ್‌ಹ್ಯಾಮ್ ಮಾಲು" ಅಂತ ತೀರ್ಪು ಕೊಟ್ಟು ಬಿಡ್ತಾರ. ಅದು ತಯಾರಕರ ಮುದ್ರೆ ಅಲ್ಲ, ಬ್ಯಾರಲ್ ಒತ್ತಡ ತಡೀತೈತಿ ಅಂತ ಪರೀಕ್ಷಾ ಮನಿ ಹಾಕಿದ ಮುದ್ರೆ. ಬ್ಯಾಡಗಿ ಮಾರ್ಕೆಟ್ಟಿನ ಚೀಟಿ ಅಂಟಿದ ಚೀಲದಾಗೆಲ್ಲ ಬ್ಯಾಡಗಿ ಹೊಲದ ಮೆಣಸಿನಕಾಯೇ ಇರತಾವೇನು? ಆಂಧ್ರದಿಂದ ಬಂದದ್ದೂ ಇರತಾವಲ್ಲ, ಹಂಗ. ಲಿತ್‌ಗೋದಾಗ ಹುಟ್ಟಿದ ರೈಫಲ್ಲೂ ಬ್ರಿಟನ್ನಿನಾಗ ಮಾರಾಟಕ್ಕ ಬಂದ್ರ ಅಲ್ಲಿನ ಪರೀಕ್ಷಾ ಮುದ್ರೆ ಹೊತ್ತಿರತೈತಿ. ಎರಡು ಬಾಣ ಮೂತಿಗೆ ಮೂತಿ ಹಚ್ಚಿ ಒತ್ತಿದ್ರ, ಸರ್ಕಾರದ ಸೇವೆಯಿಂದ ಹೊರಗ ಮಾರಿದ್ದು ಅಂತ ಅರ್ಥ. ಅದೂ ಹುಟ್ಟೂರಲ್ಲ.

ಅಕ್ಷರ ಸವದು ಹೋಗಿದ್ರ? ಆಕಾರ ಕೇಳ್ರಿ. ಎಸ್‌ಎಲ್‌ಆರ್‌ಗೆ ಮೂಲ ಆದ ಬೆಲ್ಜಿಯಂನ ಎಫ್‌ಎನ್ ಕಂಪನಿಯ ಎಫ್‌ಎಎಲ್ ರೈಫಲ್ ಮೆಟ್ರಿಕ್ ಅಳತೀದು, ಬ್ರಿಟನ್ ಮತ್ತ ಆಸ್ಟ್ರೇಲಿಯಾದ್ದು ಇಂಚಿನ ಅಳತೀದು. ಇಂಚಿನ ಮ್ಯಾಗಝಿನ್ ಕೈಯಾಗ ಹಿಡದು ಮುಂದಿನ ಅಂಚು ನೋಡ್ರಿ: ದಪ್ಪನೆ ಉಕ್ಕಿನ ತುಂಡೊಂದು ಬೆಸದಿರತಾರ, ಹೆಬ್ಬೆರಳಿಗೆ ಒತ್ತತೈತಿ. ಮೆಟ್ರಿಕ್‌ನಾಗ ಅದರ ಬದಲು ತಗಡಿನಾಗೇ ಒತ್ತಿ ಎಬ್ಬಿಸಿದ ಸಣ್ಣ ಉಬ್ಬು. ಮೆಟ್ರಿಕ್ ಮ್ಯಾಗಝಿನ್ ಇಂಚಿನ ಬಾಡಿಯೊಳಗ ಕೂಡತೈತಿ, ಆದ್ರ ಅಲುಗಾಡತೈತಿ, ಗುಂಡು ಸರಿಯಾಗಿ ಏರಂಗಿಲ್ಲ. ಇಂಚಿಂದು ಮೆಟ್ರಿಕ್ ಬಾಡಿಯೊಳಗ ಹೋಗೋದೇ ಇಲ್ಲ. ಎಲ್1ಎ1ರ ಎಡಗಡೆ ಕಾಕಿಂಗ್ ಹ್ಯಾಂಡಲ್ ಮಡಚತೈತಿ, ಗುರಿ ನೋಡೋ ಹಿಂದಿನ ಸೈಟೂ ಮಡಚತೈತಿ. ಮೂಲ ಎಫ್‌ಎಎಲ್‌ನಾಗ ಸೈಟ್ ಇಳಿಜಾರಿನ ಮ್ಯಾಲೆ ಜಾರತೈತಿ. ಬೋಲ್ಟ್ ಕ್ಯಾರಿಯರ್ (ಬೋಲ್ಟ್ ಹೊತ್ತು ಹಿಂದ ಮುಂದ ಸರಿಯೋ ಭಾಗ) ಮ್ಯಾಲೆ ಧೂಳು ಸರಿಸಾಕ ಕೊರದ ಓರೆ ಗೀರು ಕಂಡ್ರ ಅದೂ ಎಲ್1ಎ1ರ ಕಡೆ ಬೆರಳು ತೋರಸತೈತಿ. ಆದ್ರ ಕ್ಯಾರಿಯರ್ ಬದಲಿಸಬಹುದಾದ ಭಾಗ, ಅದೊಂದನ್ನೇ ಹಿಡಕೊಂಡು ಕೂಡಬ್ಯಾಡ್ರಿ.

ನಮ್ಮ ಇಶಾಪುರದ ಎಸ್‌ಎಲ್‌ಆರ್, ಅಂದ್ರ 1ಎ1ರ ಗುರುತು ನನಗ ಭಾಳ ಸೇರತೈತಿ. ಬಟ್‌ನ ಹಿಂದಿನ ಲೋಹದ ತಗಡು ಹಳೆ ಬ್ರಿಟಿಷ್ ರೈಫಲ್ ಲೀ-ಎನ್‌ಫೀಲ್ಡ್ .303ರದ್ದು. ಅದರಾಗ ಪುಟ್ಟ ಬಾಗಲ ಇರತೈತಿ. ತಗದ್ರ ಎಣ್ಣಿ ಬಾಟ್ಲಿ, ಬ್ಯಾರಲ್ ಒರಸೋ ಪುಲ್-ಥ್ರೂ ದಾರ ಇಡೋ ಜಾಗ. ಬ್ರಿಟನ್ನಿನ ಎಸ್‌ಎಲ್‌ಆರ್‌ನಾಗ ಈ ಬಾಗಲಿಲ್ಲ.

ಇಶಾಪುರದ್ದೇ 2ಎ1 ಅಂತೊಂದು ಬೋಲ್ಟ್ ಆಕ್ಷನ್ (ಕೈಯಿಂದ ಬೋಲ್ಟ್ ಎಳಿಯೋ) ರೈಫಲ್ ಐತಿ, 7.62 ಮಿ.ಮೀ. ಗುಂಡಿಂದು, ಅದು ಎಸ್‌ಎಲ್‌ಆರ್ ಅಲ್ಲ. ".303 ಕೊರದು ದೊಡ್ಡದು ಮಾಡಿದ್ದು" ಅಂತ ಅದಕ್ಕ ಹೇಳ್ತಾರ, ಅದು ತಪ್ಪು. 1960ರ ದಶಕದಾಗ ಗಟ್ಟಿ ಉಕ್ಕಿನಿಂದ ಹೊಸದಾಗೇ ಮಾಡಿದ್ದು.

ಬಾಡಿ, ಬೋಲ್ಟ್, ಕ್ಯಾರಿಯರ್ ಮೂರರ ನಂಬರೂ ಬ್ಯಾರೆ ಬ್ಯಾರೆ ಬರಕೋರಿ, ಫೋಟೊ ತಗೀರಿ. ಮೂರೂ ಒಂದೇ ಇದ್ರ ಛಲೋ. ಹೊಂದಲಿಲ್ಲಂದ್ರ ಬಾಡಿಯ ಮಾತೇ ಅಂತಿಮ.

ಗದಗ, ಹಾವೇರಿ ಕಡೆ ಹಳೆ ವಾಡೆದ ಅಟ್ಟದ ಮ್ಯಾಲೆ ಇಂಥ ಬಂದೂಕು ಸಿಕ್ತು ಅಂತ ಇಟ್ಕೋರಿ. .303 ಇರಲಿ, 7.62 ಇರಲಿ, .410 ಮಸ್ಕೆಟ್ ಇರಲಿ, 2016ರ ಶಸ್ತ್ರಾಸ್ತ್ರ ನಿಯಮದ ಪ್ರಕಾರ ಎಲ್ಲಾ ನಿಷೇಧಿತ ಬೋರ್ (ಬೋರ್ ಅಂದ್ರ ನಳಿಕೆಯ ಒಳ ಅಳತಿ). ಗುರುತು ಹುಡುಕಾಕ ಕೂಡಬ್ಯಾಡ್ರಿ, ಅಲ್ಲಿಂದ ಎತ್ತಬ್ಯಾಡ್ರಿ, ಚೀಲದಾಗ ಸುತ್ತಿ ಬಸ್ಸಿನಾಗ ಒಯ್ಯಬ್ಯಾಡ್ರಿ. ಖೋಲಿಗೆ ಕೀಲಿ ಹಾಕಿ, ಹತ್ತಿರದ ಪೊಲೀಸ್ ಠಾಣೆಗೆ ಫೋನ್ ಹಚ್ಚಿ ಅವರನ್ನೇ ಮನಿಗೆ ಕರೀರಿ. ಒಪ್ಪಿಸಿದ ಮ್ಯಾಲೆ ನಂಬರ್ ಬರದ ರಸೀದಿ ಕೇಳಿ ಇಸ್ಕೋರಿ.